ಹೆಸರು ಹಲವು, ಎಚ್ಚರ ಒಂದೇ

ನಮ್ಮ ಉಳ್ಳಾಲದ ಕಡೆ ತುಳುವಿನಲ್ಲಿ ಅದು ಮರುವಾಯಿ. ಕುಮಟಾದವರಿಗೆ ಬಳಚು, ಕಾರವಾರದ ಕೊಂಕಣಿಯಲ್ಲಿ ತಿಸ್ರೆ, ಮಂಗಳೂರಿನ ಕ್ರಿಶ್ಚಿಯನ್ನರ ಮನೆಯಲ್ಲಿ ಕುಬೆ. ಬಂಡೆಗೆ ಅಂಟಿ ಬೆಳೆಯೋ ಪಚ್ಚಿಲೆ ಬೇರೆ. ಉತ್ತರ ಕನ್ನಡದಲ್ಲಿ ಅದನ್ನ ನೀಲಿಕಲ್ಲು ಅಂತಾರೆ.

ನೇತ್ರಾವತಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಕಾಲಿನಿಂದಲೇ ಮರಳು ತಡವಿ ಮರುವಾಯಿ ಹೆಕ್ಕುತ್ತಿದ್ದರು. ಅಮ್ಮ ಕಾಯಿ ಅರೆದು ಹಾಕಿ, ಅಕ್ಕಿ ಪುಂಡಿಯ ಜೊತೆ ಬಡಿಸಿದರೆ ನಮ್ಮ ಬಟ್ಟಲ ಪಕ್ಕ ಚಿಪ್ಪಿನ ಗುಡ್ಡೆಯೇ ಏಳುತ್ತಿತ್ತು!

ಜಯನಗರದಲ್ಲಿ ಹುಟ್ಟಿದ ನನ್ನ ಮಗಳಿಗೆ ಎಲ್ಲವೂ ಬರೀ ‘ಕ್ಲಾಮ್ಸ್’. ಹೆಸರು ಮರೆತರೂ ಪರವಾಗಿಲ್ಲ, ಅದರ ಜೊತೆ ಬಂದ ಅಮ್ಮನ ಮಾತು ಮರೀಬಾರದು: ‘ಹಸಿಯಲ್ಲಿ ಬಾಯಿ ಮುಚ್ಚಿರಬೇಕು, ಬೆಂದ ಮೇಲೆ ಬಿಚ್ಚಿರಬೇಕು.’

ಸಮುದ್ರದಿಂದ ಇಷ್ಟು ದೂರದ ಬೆಂಗಳೂರಿನಲ್ಲಿ ಇದು ಇನ್ನೂ ಮುಖ್ಯ. ಕೊಳ್ಳುವಾಗ ಬಾಯಿ ತೆರೆದಿರೋ ಚಿಪ್ಪನ್ನ ಮೆಲ್ಲಗೆ ತಟ್ಟಿ ನೋಡಿ. ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ಬೇಡ. ಮನೆಯಲ್ಲಿ ಅರ್ಧ ಗಂಟೆ ಉಪ್ಪುನೀರಿನಲ್ಲಿಟ್ಟು ಮರಳು ಬಿಡಿಸಿ, ಚೆನ್ನಾಗಿ ತೊಳೆಯಿರಿ. ಬೆಂದ ಮೇಲೂ ಬಾಯಿ ಬಿಡದ್ದನ್ನ ಒತ್ತಾಯದಿಂದ ಬಿಡಿಸದೆ ಎಸೆಯಿರಿ. ಚಿಪ್ಪಿನ ಮಾಂಸ ತಿಂದು ಮೈ ತುರಿಕೆ, ಉಸಿರಾಟದ ತೊಂದರೆ ಆದವರು ರುಚಿಗೂ ಮುಟ್ಟಬೇಡಿ.

ನಿಮ್ಮೂರಿನಲ್ಲಿ ಇದಕ್ಕೆ ಏನಂತಾರೆ? ಬಡಿಸುವಾಗ ಮಕ್ಕಳಿಗೆ ಆ ಹೆಸರನ್ನೂ ಹೇಳಿ.