ಯಂತ್ರದ ವೇಗವು ಯಾರ ಅಧೀನ?

ಹುಡುಗರು ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರದ ವಿಷಯವನ್ನು ಈ ಅಂಕಣದಲ್ಲಿ ಎತ್ತಿಕೊಂಡುದಕ್ಕಾಗಿ ನಮ್ಮ ವಾಚಕರಲ್ಲಿ ಕೆಲವರು ನಕ್ಕಾರು. ಆದರೆ ಬೆಳ್ಮಣ್ಣಿನಂತಹ ಊರಿಗೂ, ಮುಂಬಯಿಯಿಂದಲೋ ದುಬಾಯಿಯಿಂದಲೋ ರಜೆಗೆ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಈ ಯಂತ್ರವು ಬಂದಿಳಿಯುತ್ತಿದೆ. ಬೆಲೆಯಾದರೋ ಹತ್ತಾರು ಸಾವಿರ ರೂಪಾಯಿ. ಅಷ್ಟು ಹಣವನ್ನು ತೆತ್ತು ಕೊಂಡ ವಸ್ತುವಿಗೆ ಒಡೆಯನು ಕೊಂಡವನೋ, ಮಾರಿದವನೋ ಎಂಬುದು ಮಕ್ಕಳಾಟದ ಪ್ರಶ್ನೆಯಲ್ಲ.

ಜಪಾನಿನ ಕ್ಯೋಟೋ ನಗರದ ನಿಂಟೆಂಡೋ ಕಂಪೆನಿಯವರು 2017ರ ಮಾರ್ಚ್ ತಿಂಗಳಲ್ಲಿ ‘ಸ್ವಿಚ್’ ಎಂಬ ಆಟದ ಯಂತ್ರವನ್ನು ಪೇಟೆಗೆ ತಂದರು. ಅದರೊಳಗಿನ ಚಿಪ್ಪು ಅಮೆರಿಕದ ಎನ್ವಿಡಿಯಾ ಕಂಪೆನಿಯದು. ಹೆಸರು ಟೆಗ್ರಾ ಎಕ್ಸ್1. ಇದೇ ಚಿಪ್ಪು 2015ರಲ್ಲಿಯೇ ಟೆಲಿವಿಷನ್ನಿಗೆ ಜೋಡಿಸುವ ಇನ್ನೊಂದು ಪೆಟ್ಟಿಗೆಯೊಳಗೆ ಇದಕ್ಕಿಂತ ಬಹಳ ಹೆಚ್ಚಿನ ವೇಗದಲ್ಲಿ ಓಡಿದ್ದಿತು. ಸ್ವಿಚ್ಚಿನಲ್ಲಿ ಅದರ ಪ್ರೊಸೆಸರನ್ನು 1020 ಮೆಗಾಹರ್ಟ್ಸಿಗೆ, ಎಂದರೆ ಸೆಕೆಂಡಿಗೆ 102 ಕೋಟಿ ಮಿಡಿತಗಳಿಗೆ, ಕಟ್ಟಿಹಾಕಲಾಯಿತು. ಈ ಕಟ್ಟಿಗೆ ಕಾರಣವಿಲ್ಲದಿಲ್ಲ. ಮಿಡಿತವು ಹೆಚ್ಚಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವಿದ್ಯುತ್ತಿನ ವೆಚ್ಚವಾದರೋ ವೋಲ್ಟೇಜಿನ ವರ್ಗದಂತೆ ಬೆಳೆಯುತ್ತದೆ. ವೆಚ್ಚವಾದುದೆಲ್ಲವೂ ಕಡೆಗೆ ಶಾಖವಾಗಿ ಹೊರಬೀಳುತ್ತದೆ. 4310 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯು ಎಷ್ಟೆಂದು ತಾಳೀತು?

ಈ ಕಟ್ಟನ್ನು ಸಡಿಲಿಸುವ ‘ಸಿಸ್-ಕ್ಲಾಕ್’ ಎಂಬ ತಂತ್ರಾಂಶವೊಂದನ್ನು ಕೆಲವು ಉತ್ಸಾಹಿಗಳು ಬರೆದು, ಅದರ ಮೂಲಲಿಪಿಯನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದಂತೆ ಬಯಲಿಗಿಟ್ಟಿದ್ದಾರೆ. ಒಂದೊಂದು ಆಟಕ್ಕೂ ಒಂದೊಂದು ವೇಗವನ್ನು ಗೊತ್ತುಮಾಡಲು ಅದರಿಂದ ಸಾಧ್ಯ. ಏರಿಸುವುದಕ್ಕೆ ಮಾತ್ರವಲ್ಲ, ಹಗುರವಾದ ಆಟಕ್ಕೆ ವೇಗವನ್ನು ಇಳಿಸಿ ಬ್ಯಾಟರಿಯನ್ನು ಉಳಿಸುವುದಕ್ಕೂ ಅದು ಸಲ್ಲುತ್ತದೆ. ನಮ್ಮ ಮನಸ್ಸಿಗೆ ಹಿಡಿಸಿದುದು ಬರೆದವರು ತಮಗೆ ತಾವೇ ಹಾಕಿಕೊಂಡ ಬೇಲಿ. ಚಿತ್ರ ಬಿಡಿಸುವ ಭಾಗವು ಬರಿಯ ಬ್ಯಾಟರಿಯ ಮೇಲೆ 460 ಮೆಗಾಹರ್ಟ್ಸನ್ನು ದಾಟದು. ಚಾರ್ಜು ಆಗುತ್ತಿರುವಾಗ 768ನ್ನು ದಾಟದು. ಅದಕ್ಕೂ ಮೇಲೆ ಹೋಗಬೇಕಾದರೆ ಕಂಪೆನಿಯ ಸ್ವಂತ ಚಾರ್ಜರೇ ಇರಬೇಕು. ತಮಗೆ ಎಂದಾದರೂ ಎದುರಾದವರು, ಕೆಲಸವು ಮೆಚ್ಚಿಗೆಯಾಗಿದ್ದರೆ, ಒಂದು ಬಿಯರನ್ನು ಕೊಡಿಸಬಹುದೆಂದು ಅವರ ಪರವಾನಗಿಯಲ್ಲಿ ಬರೆದಿದೆಯಷ್ಟೆ. ಆ ಮಹಾಶಯರು ಬೆಳ್ಮಣ್ಣಿಗೆ ಬಂದರೆ ನಾವು ಬೊಂಡವನ್ನು ಕೊಟ್ಟೇವು.

ಇನ್ನು ಕಂಪೆನಿಯವರ ನಡತೆಯನ್ನು ನೋಡೋಣ. 2019ರ ಏಪ್ರಿಲ್ ತಿಂಗಳ ತಮ್ಮ 8ನೆಯ ಆವೃತ್ತಿಯೊಂದಿಗೆ, ಆಟವು ತೆರೆದುಕೊಳ್ಳುವ ಹೊತ್ತಿನಲ್ಲಿ ಪ್ರೊಸೆಸರನ್ನು 1785 ಮೆಗಾಹರ್ಟ್ಸಿಗೆ ಏರಿಸುವ ಏರ್ಪಾಡನ್ನು ಅವರೇ ಮಾಡಿದರು. ‘ಜೆಲ್ಡಾ’ ಆಟದವರು ಕಾಯುವ ಹೊತ್ತು ಇದರಿಂದ ಕಡಿಮೆಯಾಯಿತು. ಅದಕ್ಕೂ ಹಿಂದೆ ಸೋನಿ ಕಂಪೆನಿಯ ಪಿಎಸ್‌ಪಿ ಯಂತ್ರದ ಕಥೆಯೂ ಹೀಗೆಯೇ. 333 ಮೆಗಾಹರ್ಟ್ಸಿಗೆ ಶಕ್ತವಾದ ಚಿಪ್ಪನ್ನು ಆಟಗಳಿಗಾಗಿ 222ಕ್ಕೆ ಬಿಗಿದಿದ್ದರು. ಉತ್ಸಾಹಿಗಳು ಅದನ್ನು ಬಿಚ್ಚಿ ತೋರಿಸಿದ ಮೇಲೆ, 2007ರಲ್ಲಿ ಕಂಪೆನಿಯವರೇ ಬಿಗಿಯನ್ನು ಸಡಿಲಿಸಿದರು. ಹೀಗಿರಲು ಒಡೆಯನಿಗೆ ನಿಷಿದ್ಧವಾದುದು ತಯಾರಕನಿಗೆ ಮಾತ್ರ ಸಹಜವೆಂಬ ನ್ಯಾಯವು ಎಲ್ಲಿಯದು?

ಕಾರ್ಕಳ-ಪಡುಬಿದ್ರಿ ರಸ್ತೆಯ ಬಸ್ಸಿಗೆ ಕಟ್ಟಿದ ವೇಗನಿಯಂತ್ರಕವನ್ನು ಕಿತ್ತುಹಾಕುವ ಹಕ್ಕು ಬಸ್ಸಿನ ಒಡೆಯನಿಗುಂಟೇ ಎಂದು ಕೇಳುವವರಿದ್ದಾರೆ. ಇಲ್ಲ, ಆ ಬಸ್ಸಿನಲ್ಲಿ ಐವತ್ತು ಮಂದಿಯ ಪ್ರಾಣವಿದೆ, ದಾರಿಯಲ್ಲಿ ಇನ್ನೂ ಎಷ್ಟೋ ಮಂದಿಯದು. ಆದರೆ ಅಕ್ಕಿಗಿರಣಿಯ ಒಡೆಯನು ತನ್ನ ಇಂಜಿನಿನ ಬೆಲ್ಟನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ಬದಲಾಯಿಸಿದರೆ, ಇಂಜಿನನ್ನು ಮಾರಿದವರು ಬಂದು ಗಿರಣಿಗೆ ಬೀಗ ಜಡಿಯುವುದಿಲ್ಲ. ಕೆಟ್ಟರೆ ಕೆಟ್ಟುದು ಅವನ ಇಂಜಿನು.

ಇದಕ್ಕಿಂತ ಬಲವಾದ ಆಕ್ಷೇಪವು ಬೇರೊಂದಿದೆ. ಈ ತಂತ್ರಾಂಶವನ್ನು ನಡೆಯಿಸಬೇಕಾದರೆ ಮೊದಲು ಯಂತ್ರದ ಬೀಗವನ್ನು ತೆರೆಯಬೇಕು. 2018ರಲ್ಲಿ ಈ ಚಿಪ್ಪಿನಲ್ಲಿ ಬಯಲಾದ ಒಂದು ದೋಷದಿಂದ, ಮೊದಮೊದಲು ಮಾರಾಟವಾದ ಯಂತ್ರಗಳಲ್ಲಿ ಅದು ಸುಲಭವಾಯಿತು. ತೆರೆದ ಅದೇ ಬಾಗಿಲಿನಿಂದ ಆಟಗಳನ್ನು ಕದಿಯುವವನೂ ನುಗ್ಗುತ್ತಾನೆಂಬುದು ಸತ್ಯ. ಕಳ್ಳಪ್ರತಿಗಳಿಗೆ ಅನುಕೂಲವಾಗುವ ಸಲಕರಣೆಗಳನ್ನು ಮಾರಿದವನೊಬ್ಬನಿಗೆ ಅಮೆರಿಕದ ನ್ಯಾಯಾಲಯವು 2022ರಲ್ಲಿ 40 ತಿಂಗಳ ಸೆರೆಯನ್ನು ವಿಧಿಸಿತು; ಕಳವಿನ ವಿಷಯದಲ್ಲಿ ನಮಗೆ ಕನಿಕರವಿಲ್ಲ. ಆದರೆ ಹಣ ಕೊಟ್ಟು ಕೊಂಡ ಆಟವನ್ನು ತನ್ನದೇ ಯಂತ್ರದಲ್ಲಿ ತಡವರಿಸದಂತೆ ಓಡಿಸಿದವನು ಕದ್ದುದು ಏನನ್ನು? ಈ ಭೇದವನ್ನು ನಮ್ಮ ಪಾರ್ಲಿಮೆಂಟು ಬಲ್ಲದು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿಸಿದ 65ಎ ಕಲಮಿನ ಪ್ರಕಾರ, ಬೀಗವನ್ನು ದಾಟಿದ ಮಾತ್ರಕ್ಕೆ ಅಪರಾಧವಾಗದು. ಕೃತಿಸ್ವಾಮ್ಯವನ್ನು ಭಂಗಿಸುವ ಉದ್ದೇಶವೂ ಇರಬೇಕು. ಅಮೆರಿಕದ 1998ರ ಕಾಯಿದೆಯಲ್ಲಿ ಇಷ್ಟು ವಿವೇಕವಿಲ್ಲ.

ಕಾಯಿದೆಯು ಕೊಟ್ಟುದನ್ನು ಕರಾರುಪತ್ರವು ಕಸಿಯುತ್ತಿರುವುದೇ ನಮ್ಮ ಆತಂಕಕ್ಕೆ ಕಾರಣ. 2025ರ ಮೇ ತಿಂಗಳಲ್ಲಿ ನಿಂಟೆಂಡೋದವರು ಅಮೆರಿಕದ ಗಿರಾಕಿಗಳ ಕರಾರನ್ನು ತಿದ್ದಿ, ಬೀಗವನ್ನು ಮುರಿದವನ ಯಂತ್ರವನ್ನು ಶಾಶ್ವತವಾಗಿ ನಿರುಪಯುಕ್ತಗೊಳಿಸುವ ಅಧಿಕಾರವನ್ನು ಕಾದಿರಿಸಿಕೊಂಡರು. ವಿಚಾರಣೆಯಿಲ್ಲ, ಅಪೀಲೂ ಇಲ್ಲ! ಇಂದು ಆಟದ ಯಂತ್ರಕ್ಕೆ ಬಂದ ಮಾತು ನಾಳೆ ಗದ್ದೆಯ ಟ್ರ್ಯಾಕ್ಟರಿಗೆ ಬಾರದೆಂದು ಹೊಣೆ ನಿಲ್ಲುವವರು ಯಾರು? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ದುರಸ್ತಿಯ ಹಕ್ಕಿಗಾಗಿ 2022ರ ಜುಲೈಯಲ್ಲಿ ಸಮಿತಿಯನ್ನು ನೇಮಿಸಿದರು. ದುರಸ್ತಿಯೆಂದರೆ ಬಿಡಿಭಾಗ, ತಿರುಪುಮೊಳೆಗಳಷ್ಟೇ ಅಲ್ಲ. ಯಂತ್ರವನ್ನು ಆಳುವ ತಂತ್ರಾಂಶವೂ ಅದರಲ್ಲಿ ಸೇರಬೇಕು. ಮಾರಿದ ವಸ್ತುವನ್ನು ದೂರದಿಂದಲೇ ಕೊಲ್ಲುವ ಕರಾರು ಈ ದೇಶದಲ್ಲಿ ಸಲ್ಲದೆಂದು ಕಂಠೋಕ್ತವಾಗಿ ಬರೆಯಬೇಕು.

ತಂದೆತಾಯಿಗಳಿಗೆ ಒಂದು ಮಾತು. ಬೀಗ ಮುರಿದ ಯಂತ್ರಕ್ಕೆ ಗ್ಯಾರಂಟಿಯು ದೊರೆಯುವ ಭರವಸೆಯಿಲ್ಲ; ಕಂಪೆನಿಯ ಜಾಲದಿಂದ ಅದು ಬಹಿಷ್ಕೃತವಾಗಲೂಬಹುದು. ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ವೇಗ ಏರಿಸಿದ ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಗಾಳಿಕಂಡಿಯನ್ನು ಮುಚ್ಚಿದರೆ ಬ್ಯಾಟರಿಯು ಬೇಗನೆ ಸವೆಯುವುದು. ಈ ಪ್ರಯೋಗಕ್ಕೆ ತಕ್ಕ ಸ್ಥಳವು ಹಾಸಿಗೆಯಲ್ಲ, ಪ್ರಯೋಗಶಾಲೆ. ಹತ್ತಿರದಲ್ಲಿಯೇ ನಿಟ್ಟೆಯಲ್ಲಿ 1986ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಮಣಿಪಾಲದಲ್ಲಿ 1957ರಿಂದಲೇ ಇದೆ. ಅಲ್ಲಿಯ ಅಧ್ಯಾಪಕ ಮಹಾಶಯರು ಹಳೆಯ ಸ್ವಿಚ್ಚೊಂದನ್ನು ಮೇಜಿನ ಮೇಲಿಟ್ಟು, ಈ ಬಯಲು ಮೂಲಲಿಪಿಯನ್ನು ವಿದ್ಯಾರ್ಥಿಗಳಿಂದ ಓದಿಸಿ, ಒಂದೊಂದು ವೇಗಕ್ಕೂ ಉಷ್ಣಮಾನವನ್ನು ಅಳೆಯಿಸಿ, ಆ ಲೆಕ್ಕವನ್ನು ಇಲಾಖೆಯವರಿಗೆ ಕಳುಹಿಸಿಕೊಟ್ಟರೆ, ಅವರ ಮುಂದೆ ಕಂಪೆನಿಯವರ ಮಾತಿನ ಜತೆಗೆ ಇನ್ನೊಂದು ಸಾಕ್ಷ್ಯವೂ ಇರುವುದು.