ಹಳೆಯ ಗಿಟಾರಿನ ಬೆಲೆಯೂ ಅದರ ನಾದವೂ

ಹೋದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಗೆ ಒಂದು ವಿದ್ಯುತ್ ಗಿಟಾರನ್ನು ತಂದನು. ಅದರ ಅಂಚುಗಳಲ್ಲಿ ಬಣ್ಣ ಸುಲಿದು ಮರ ಕಾಣುತ್ತಿತ್ತು. ಲೋಹದ ಭಾಗಗಳು ಕಂದಿದ್ದುವು. ಮೆರುಗೆಣ್ಣೆಯ ಮೇಲೆ, ಒಣಗಿದ ಕೆರೆಯ ತಳದಲ್ಲಿ ಕಾಣುವಂತಹ ಸಣ್ಣ ಸಣ್ಣ ಬಿರುಕುಗಳಿದ್ದುವು. ಯಾರೋ ಹಿರಿಯರು ಐವತ್ತು ವರ್ಷ ನುಡಿಸಿ ಬಿಟ್ಟದ್ದಿರಬೇಕೆಂದು ನಾವು ಭಾವಿಸಿದೆವು. ವಿಚಾರಿಸಲಾಗಿ, ಅದು ಕಾರ್ಖಾನೆಯಿಂದ ಹೊರಬಂದು ಆರು ತಿಂಗಳೂ ಆಗಿರಲಿಲ್ಲವೆಂದು ತಿಳಿಯಿತು. ಆ ಸವೆತವೆಲ್ಲವೂ ಕಾರ್ಖಾನೆಯಲ್ಲಿಯೇ ಕುಶಲಿಗಳಿಂದ ಮಾಡಿಸಿದ್ದು. ಸವೆಯದ ಗಿಟಾರಿಗಿಂತ ಸವೆದ ಈ ಗಿಟಾರಿಗೆ ಬೆಲೆ ಹೆಚ್ಚು. ಆ ಹೆಚ್ಚಿನ ಹಣವನ್ನು ಅವನ ತಂದೆಯವರು ತಮ್ಮ ಭವಿಷ್ಯನಿಧಿಯಿಂದ ತೆಗೆದು ಕೊಟ್ಟಿದ್ದರು. "ಸಾರ್, ಹಳೆಯ ಗಿಟಾರುಗಳ ನಾದ ಇದರಲ್ಲಿ ಬರುತ್ತದೆಂದು ಅಂಗಡಿಯವರು ಹೇಳಿದರು. ಅದು ನಿಜವೆ?" ಎಂದು ಅವನು ಕೇಳಿದನು.

ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ವಯಸ್ಸು, ವಿರಳತೆ, ನಾದ ಇವು ಮೂರು ಬೇರೆ ಬೇರೆ ಸಂಗತಿಗಳು. ಗಿಟಾರಿನ ವ್ಯಾಪಾರದಲ್ಲಿ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಒಂದೇ ಬೆಲೆಯ ಚೀಟಿ ಅಂಟಿಸಿ ಮಾರುತ್ತಾರೆ. ಗಂಟನ್ನು ಬಿಚ್ಚಿ ನೋಡುವುದು ಭೌತವಿಜ್ಞಾನವನ್ನು ಓದುವವರ ಕೆಲಸವೆಂದು ನಮ್ಮ ಅಭಿಪ್ರಾಯ.

ಮೊದಲು ವಾದ್ಯದ ರಚನೆಯನ್ನು ನೋಡೋಣ. ನಮ್ಮ ವೀಣೆಯಲ್ಲಿ ತಂತಿ ಮೀಟಿದಾಗ ಕಂಪನವು ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕೆ ಇಳಿದು, ಆ ಕೊಡವೇ ಗಾಳಿಯನ್ನು ಅಲುಗಿಸುತ್ತದೆ. ಆದಕಾರಣ ಅಲ್ಲಿ ಮರವೇ ನಾದದ ಮನೆ. ಗಟ್ಟಿ ಮೈಯ ವಿದ್ಯುತ್ ಗಿಟಾರಿನ ಕಥೆ ಬೇರೆ. ಅದರ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿರುತ್ತದೆ; ಅಂದರೆ ಶಾಶ್ವತ ಕಾಂತಗಳ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ಸುರುಳಿ. ಕಾಂತದ ಪ್ರಭಾವದಿಂದ ತಂತಿಯೂ ಕಾಂತತ್ವವನ್ನು ಪಡೆಯುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಾಭಿವಾಹ ಏರಿಳಿಯುತ್ತದೆ. ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ವರ್ಧಕಕ್ಕೆ ಹೋಗುವುದು ಈ ವಿದ್ಯುತ್ತೇ ಹೊರತು ಮರದ ದನಿಯಲ್ಲ. ಜಾರ್ಜ್ ಬ್ಯೂಚಾಂಪ್ ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ, 'ಬಾಣಲೆ' ಎಂದೇ ಅಡ್ಡಹೆಸರಾದ ರಿಕನ್‌ಬ್ಯಾಕರ್ ಗಿಟಾರು, ಅಂದರೆ ಈ ಕುಲದ ಮೊದಲ ಯಶಸ್ವಿ ವಾದ್ಯ, ಅಲ್ಯೂಮಿನಿಯಮ್ ಎರಕದ ಮೈಯೊಡನೆ ಮಾರಾಟಕ್ಕೆ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಈಗ ವಿರಳತೆಯ ವಿಚಾರ. ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚಾಗಿ ಹಂಬಲಿಸುವುದು ಅಮೆರಿಕದ ಗಿಬ್ಸನ್ ಸಂಸ್ಥೆ 1958ರಿಂದ 1960ರವರೆಗೆ ತಯಾರಿಸಿದ, ಸೂರ್ಯಾಸ್ತದಂತೆ ನಡುವೆ ಹಳದಿಯಾಗಿ ಅಂಚಿಗೆ ಕೆಂಪೇರಿದ ಲೆಸ್ ಪಾಲ್ ಗಿಟಾರುಗಳನ್ನು. ಇವುಗಳ ಸಂಖ್ಯೆ ಸುಮಾರು ಒಂದೂವರೆ ಸಾವಿರವೆಂದು ಬಲ್ಲವರ ಅಂದಾಜು. ಇಷ್ಟು ಕಡಿಮೆಯೇಕೆ? ಸಂಸ್ಥೆಯವರು ಕಡಿಮೆ ಮಾಡಬೇಕೆಂದು ಸಂಕಲ್ಪಿಸಿದ್ದರಿಂದಲ್ಲ. ಆ ಕಾಲದ ಜನರಿಗೆ ಅವು ಬೇಕಾಗಿರಲಿಲ್ಲ. ಮುನ್ನೂರು ಡಾಲರಿಗೂ ಕಡಿಮೆ ಬೆಲೆಯಿದ್ದರೂ ಮಾರಾಟ ಕುಂಟಿತು; 1961ರ ಹೊತ್ತಿಗೆ ಆ ಆಕಾರವನ್ನೇ ಕೈಬಿಟ್ಟರು. 1966ರಲ್ಲಿ ಜಾನ್ ಮೇಯಲ್ ಅವರ ತಂಡದ ಧ್ವನಿಮುದ್ರಿಕೆಯಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಯುವಕ ಅಂತಹದೊಂದನ್ನು ನುಡಿಸಿದ ಮೇಲೆ ಜನರ ಕಿವಿ ತೆರೆಯಿತು. 1968ರಲ್ಲಿ ಸಂಸ್ಥೆ ಲೆಸ್ ಪಾಲ್ ಗಿಟಾರನ್ನು ಮತ್ತೆ ತಯಾರಿಸತೊಡಗಿತು. ಅಂದು ಅಂಗಡಿಯಲ್ಲಿ ಧೂಳು ಹಿಡಿದು ಕುಳಿತ ವಾದ್ಯ ಇಂದು ಕೆಲವು ಲಕ್ಷ ಡಾಲರು ಬಾಳುತ್ತದೆ. ಅದರ ಕೆಂಪು ಬಣ್ಣ ಬಿಸಿಲಿಗೆ ನಿಲ್ಲದೆ ಬಿಳಿಚಿಕೊಳ್ಳುತ್ತಿದ್ದುದು ಆಗ ಒಂದು ದೋಷವಾಗಿತ್ತು. ಈಗ ಆ ಬಿಳಿಚಿಕೆಯ ಒಂದೊಂದು ಛಾಯೆಗೂ ಒಂದೊಂದು ಹೆಸರಿಟ್ಟು, ಹೊಸ ಗಿಟಾರಿನ ಮೇಲೆ ಅದನ್ನೇ ಬಳಿಯುತ್ತಾರೆ!

ಫೆಂಡರ್ ಸಂಸ್ಥೆಯ ವಿಷಯವೂ ಹೀಗೆಯೇ. ಲಿಯೋ ಫೆಂಡರ್ ತಮ್ಮ ಸಂಸ್ಥೆಯನ್ನು 1965ರ ಜನವರಿಯಲ್ಲಿ ಸಿ.ಬಿ.ಎಸ್. ಕಂಪನಿಗೆ ಮಾರಿದರು. ಅದಕ್ಕೆ ಹಿಂದಿನದೆಲ್ಲ ಶ್ರೇಷ್ಠ, ಮುಂದಿನದೆಲ್ಲ ಕನಿಷ್ಠ ಎಂಬ ಎಣಿಕೆ ಸಂಗ್ರಾಹಕರಲ್ಲಿ ಬೇರೂರಿದೆ. ಒಡೆತನ ಬದಲಾದ ಮೇಲೆ ತಯಾರಿಕೆಯ ಎಚ್ಚರ ಕ್ರಮೇಣ ಸಡಿಲವಾಯಿತೆಂಬ ದೂರಿನಲ್ಲಿ ಹುರುಳಿದೆ. ಆದರೆ ಕ್ರಯಪತ್ರಕ್ಕೆ ಸಹಿ ಬಿದ್ದ ರಾತ್ರಿಯೇ ಕಪಾಟಿನಲ್ಲಿದ್ದ ಸುರುಳಿಗಳ ಪ್ರೇರಕತೆ ಬದಲಾಗಲು ಕಾರಣವಿಲ್ಲ.

ಹಳೆಯದಕ್ಕೆ ಬೇಡಿಕೆ ಏರಿದಂತೆ ತಯಾರಕರೂ ಎಚ್ಚೆತ್ತರು. ಫೆಂಡರ್ 1982ರಲ್ಲಿ ತನ್ನ 1952, 1957 ಮತ್ತು 1962ರ ಮಾದರಿಗಳನ್ನು ಪುನಃ ತಯಾರಿಸಿತು. 1987ರಲ್ಲಿ ವಿಶೇಷ ಗಿಟಾರುಗಳಿಗೆಂದೇ ಬೇರೊಂದು ಕಾರ್ಯಾಗಾರವನ್ನು ತೆರೆಯಿತು. 1995ರಲ್ಲಿ, ಬೇಕೆಂದೇ ಸವೆಸಿದ ಹೊಸ ಗಿಟಾರುಗಳನ್ನು 'ರೆಲಿಕ್' ಎಂಬ ಹೆಸರಿನಲ್ಲಿ ಪ್ರದರ್ಶಿಸಿತು. ಗಿಬ್ಸನ್ ಸಂಸ್ಥೆಯೂ ಇದೇ ಕೆಲಸಕ್ಕೆ ಒಂದು ಪ್ರತ್ಯೇಕ ವಿಭಾಗವನ್ನು ಇಟ್ಟುಕೊಂಡಿದೆ. ಇಂತಹ ಕಾರ್ಯಾಗಾರದ ಗಿಟಾರಿಗೆ ಅದೇ ಸಂಸ್ಥೆಯ ಸಾಮಾನ್ಯ ಗಿಟಾರಿನ ಎರಡು ಮೂರು ಪಟ್ಟು ಬೆಲೆಯುಂಟು. ಇನ್ನು 'ಪರಿಮಿತ ಆವೃತ್ತಿ' ಎಂಬುದು. ಇಷ್ಟೇ ಗಿಟಾರುಗಳನ್ನು ಮಾಡುತ್ತೇವೆಂದು ಮುಂಚೆಯೇ ಸಾರಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಪ್ರಮಾಣಪತ್ರದೊಡನೆ ಕೊಡುತ್ತಾರೆ. 1959ರ ವಿರಳತೆ ಯಾರೂ ಬಯಸದೆ ಬಂದ ವಿರಳತೆ. ಇಂದಿನದು ಮುದ್ರಣಾಲಯದಲ್ಲಿ ಅಚ್ಚಾದ ವಿರಳತೆ. ಎರಡಕ್ಕೂ ಒಂದೇ ಗೌರವವನ್ನು ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ನಾದದಲ್ಲಿ ಏನೂ ವಿಶೇಷವಿಲ್ಲವೆ? ಇದೆ. ಅದು ಎಲ್ಲಿದೆಯೆಂಬುದೇ ಪ್ರಶ್ನೆ. ಫೆಂಡರ್ ಮಾದರಿಯ ಪಿಕಪ್ಪಿನಲ್ಲಿ 0.06 ಮಿಲಿಮೀಟರಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಸುಮಾರು 8,000 ಸುತ್ತು ಸುತ್ತಿರುತ್ತಾರೆ. ಅದರ ಪ್ರೇರಕತೆ ಎರಡು ಹೆನ್ರಿಗಿಂತ ಸ್ವಲ್ಪ ಹೆಚ್ಚು, 2.2 ಎಂದು ಇಟ್ಟುಕೊಳ್ಳೋಣ. ಗಿಟಾರನ್ನು ವರ್ಧಕಕ್ಕೆ ಜೋಡಿಸುವ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಕತೆ ಇರುತ್ತದೆ. ಪ್ರೇರಕತೆಯೂ ಧಾರಕತೆಯೂ ಸೇರಿದಲ್ಲಿ ಅನುರಣನೆ ತಪ್ಪದು. ಅನುರಣನೆಯ ಆವೃತ್ತಿಯ ಬಳಿಯ ಸ್ವರಾಂಶಗಳು ಎದ್ದು ಕೇಳುತ್ತವೆ, ಅದರ ಮೇಲಿನವು ಬೇಗನೆ ಕುಗ್ಗುತ್ತವೆ. ಪಿ.ಯು.ಸಿ.ಯಲ್ಲಿ ಕಲಿತ ಸೂತ್ರದಿಂದಲೇ ಲೆಕ್ಕ ಹಾಕಿ ನೋಡಿ: ಐದು ಮೀಟರಿನ ಕೇಬಲ್ಲಾದರೆ ಆವೃತ್ತಿ ಸುಮಾರು 4,800 ಹರ್ಟ್ಜ್, ಹತ್ತು ಮೀಟರಿನದಾದರೆ ಸುಮಾರು 3,400 ಹರ್ಟ್ಜ್. ನಮ್ಮ ಕಿವಿ ಬಹು ಸೂಕ್ಷ್ಮವಾಗಿರುವ ವಲಯವೂ ಇದರ ಆಸುಪಾಸೇ. ಕೇಬಲ್ಲನ್ನು ಬದಲಾಯಿಸಿದರೆ ಸಾಕು, ಅದೇ ಗಿಟಾರು ಮಂದವಾಗಿಯೋ ತೀಕ್ಷ್ಣವಾಗಿಯೋ ನುಡಿಯುತ್ತದೆ. ಐವತ್ತರ ದಶಕದ ಧ್ವನಿಮುದ್ರಿಕೆಗಳ ನಾದವನ್ನು ಅರಸುವವರು ಆ ಕಾಲದ ಕೇಬಲ್ಲಿನ ಉದ್ದವನ್ನು ಕುರಿತು ವಿಚಾರಿಸುವುದು ಅಪರೂಪ.

ಗಿಬ್ಸನ್ ಗಿಟಾರಿನ ಪಿಕಪ್ಪು ಬೇರೆ ಬಗೆಯದು. ಮನೆಯ ವಿದ್ಯುತ್ತಿನಿಂದ ಬರುವ ಗುಂಯ್‌ಗುಟ್ಟುವಿಕೆಯನ್ನು ನಿವಾರಿಸಲು ಸೆತ್ ಲವರ್ ಎಂಬ ಎಂಜಿನಿಯರು ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಕಾಂತಧ್ರುವಗಳನ್ನೂ ತಿರುಗುಮುರುಗಾಗಿ ಇಟ್ಟರು. ಹೊರಗಿನ ಗುಂಯ್‌ಗುಟ್ಟುವಿಕೆ ಎರಡರಲ್ಲಿಯೂ ಹುಟ್ಟಿ ಒಂದನ್ನೊಂದು ಅಳಿಸುತ್ತದೆ. ತಂತಿಯ ಕಂಪನದಿಂದ ಹುಟ್ಟಿದ್ದು ಮಾತ್ರ ಕೂಡಿಕೊಳ್ಳುತ್ತದೆ. 1955ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತದ್ದು 1959ರಲ್ಲಿ. ಈ ನಡುವೆ 'ಪೇಟೆಂಟಿಗೆ ಅರ್ಜಿ ಹಾಕಿದೆ' ಎಂಬ ಅರ್ಥದ ಪುಟ್ಟ ಚೀಟಿಯೊಂದನ್ನು ಪಿಕಪ್ಪಿನ ಅಡಿಗೆ ಅಂಟಿಸುತ್ತಿದ್ದರು. ಇಂದು ಆ ಚೀಟಿಗೇ ಪೂಜೆ! ವಸ್ತುಸ್ಥಿತಿಯೇನೆಂದರೆ, ಆ ಪಿಕಪ್ಪುಗಳು ಒಂದರಂತೆ ಇನ್ನೊಂದಿಲ್ಲ. ಸುತ್ತುಗಳು ಇಂತಿಷ್ಟಾದ ಕೂಡಲೆ ತಾನೇ ನಿಲ್ಲುವ ಯಂತ್ರ ಆಗ ಅಲ್ಲಿರಲಿಲ್ಲ. ಸುತ್ತುಗಳ ಸಂಖ್ಯೆ ಹೆಚ್ಚುಕಡಮೆಯಾಗುತ್ತಿತ್ತು. ಕಾಂತಗಳೂ ಒಂದೇ ದರ್ಜೆಯವಾಗಿರಲಿಲ್ಲ. ಆದುದರಿಂದ '1959ರ ನಾದ' ಎಂಬುದು ಒಂದಲ್ಲ, ಹಲವು. ಅದರ ನಿಖರ ಪ್ರತಿಕೃತಿ ಎನ್ನುವವರನ್ನು, ಯಾವ ಗಿಟಾರಿನ ಪ್ರತಿಕೃತಿಯೆಂದು ಕೇಳುವುದು ನ್ಯಾಯ.

ಮರದ ಪಾತ್ರ ಶೂನ್ಯವೆಂದು ನಾವು ಹೇಳುವುದಿಲ್ಲ. ಗಿಟಾರಿನ ಕತ್ತು ಕೆಲವು ಆವೃತ್ತಿಗಳಲ್ಲಿ ತಂತಿಯ ಶಕ್ತಿಯನ್ನು ಹೀರಿಕೊಂಡು ಅಲ್ಲಿನ ಸ್ವರ ಬೇಗನೆ ಸಾಯುವಂತೆ ಮಾಡುತ್ತದೆ. ನುಡಿಸುವವರಿಗೆ ಈ 'ಸತ್ತ ಸ್ಥಾನ'ಗಳ ಪರಿಚಯವಿರುತ್ತದೆ. ಆದರೆ ಇದು ಒಂದೊಂದು ಕತ್ತಿಗೂ ಬೇರೆ. ವಯಸ್ಸಿಗೆ ಸಲ್ಲತಕ್ಕ ಗುಣವಲ್ಲ. ಇನ್ನು ಬಣ್ಣ ಕೆರೆದು, ಮೆರುಗೆಣ್ಣೆಯನ್ನು ಥಟ್ಟನೆ ತಣಿಸಿ ಬಿರುಕು ಬಿಡಿಸಿದ ಮಾತ್ರಕ್ಕೆ ಸುರುಳಿಯ ಪ್ರೇರಕತೆಯಾಗಲಿ ಕಾಂತದ ಬಲವಾಗಲಿ ಬದಲಾಗುವುದಿಲ್ಲ.

"ಯಂತ್ರಕ್ಕೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ" ಎಂಬ ಆಕ್ಷೇಪ ಬರಬಹುದು. ಇರಬಹುದು, ಅದನ್ನು ಪರೀಕ್ಷಿಸಬಹುದಲ್ಲ! ಪಿಟೀಲಿನ ವಿಷಯದಲ್ಲಿ ಅಂತಹ ಪರೀಕ್ಷೆ ನಡೆದಿದೆ. ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 21 ಮಂದಿ ಪಿಟೀಲುವಾದಕರಿಗೆ ಕಣ್ಣಿಗೆ ಏನೂ ಸ್ಪಷ್ಟವಾಗಿ ಕಾಣದಂತೆ ಕನ್ನಡಕ ತೊಡಿಸಿ, ಮೂರು ಹೊಸ ಮತ್ತು ಮೂರು ಹಳೆಯ ಇಟಾಲಿಯನ್ ಪಿಟೀಲುಗಳನ್ನು ನುಡಿಸಲು ಕೊಟ್ಟರು. ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ಪಿಟೀಲು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಸ್ಟ್ರಾಡಿವರಿಯ ಒಂದು ಪಿಟೀಲು. 2012ರಲ್ಲಿ ಪ್ಯಾರಿಸಿನ ಬಳಿ ಹತ್ತು ಮಂದಿ ಖ್ಯಾತ ಏಕವಾದಕರೊಡನೆ ನಡೆಸಿದ ಪ್ರಯೋಗದಲ್ಲಿಯೂ ಹಳೆಯದು ಯಾವುದು, ಹೊಸದು ಯಾವುದು ಎಂದು ಅವರು ಊಹೆಗಿಂತ ಹೆಚ್ಚಿನ ನಿಖರತೆಯಿಂದ ಹೇಳಲಾರದೆ ಹೋದರು. ನಾದಕ್ಕೆ ಮರವೇ ಆಧಾರವಾದ ಪಿಟೀಲಿನಲ್ಲಿಯೇ ಹೀಗಾದರೆ, ಗಟ್ಟಿ ಮೈಯ ವಿದ್ಯುತ್ ಗಿಟಾರಿನಲ್ಲಿ ವಯಸ್ಸಿನ ಮಹಿಮೆಯನ್ನು ಸಾಧಿಸಿ ತೋರಿಸುವ ಹೊಣೆ ಮಾರುವವರದು.

ಹಳೆಯ ಗಿಟಾರನ್ನು ಕೊಳ್ಳುವವರೆಲ್ಲ ಮೋಸ ಹೋದವರೆಂದು ಇದರಿಂದ ತಿಳಿಯಬಾರದು. 2019ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟೊಕಾಸ್ಟರ್ 39,75,000 ಡಾಲರಿಗೆ ಮಾರಾಟವಾಯಿತು. ಗಿಲ್ಮರ್ ಅವರು ಅದನ್ನು ಕೊಂಡದ್ದು 1970ರಲ್ಲಿ. ಆಮೇಲೆ ಅದರ ಕತ್ತನ್ನೂ ಪಿಕಪ್ಪುಗಳನ್ನೂ ಹಲವು ಬಾರಿ ಬದಲಾಯಿಸಿದ್ದರು. ಮೂಲ ಭಾಗಗಳು ಹಾಗೆಯೇ ಇರಬೇಕೆಂಬ ಸಂಗ್ರಾಹಕರ ನಿಯಮದಂತೆ ನೋಡಿದರೆ ಅದಕ್ಕೆ ಬೆಲೆ ಕಡಿಮೆಯಾಗಬೇಕಿತ್ತು. ಕೊಂಡವರು ಆ ಹಣ ಕೊಟ್ಟದ್ದು ಅದನ್ನು ನುಡಿಸಿದ ಕೈಗೆ, ಅದರಿಂದ ಹೊರಟ ಸಂಗೀತದ ನೆನಪಿಗೆ. ಇದು ಚರಿತ್ರೆಯ ಬೆಲೆ. ಅದನ್ನು ಚರಿತ್ರೆಯೆಂದೇ ಕರೆದು ಮಾರಿದರೆ ನಮ್ಮ ತಕರಾರಿಲ್ಲ. ಕಾರ್ಖಾನೆಯಲ್ಲಿ ಕೆರೆದ ಗಾಯಕ್ಕೆ ಅಂತಹ ಚರಿತ್ರೆಯಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಬೇಕು: ಕತ್ತಿನ ಅಂಚನ್ನು ನುಣ್ಣಗೆ ಸವೆಸಿದರೆ ಅಂಗೈಗೆ ಹಿತವಾಗಿರುತ್ತದೆ. ನಾವೇ ಹಿಡಿದು ನೋಡಿದ್ದೇವೆ.

ಈ ಹಂಬಲದ ಹೊರೆ ಕಾಡಿನ ಮೇಲೂ ಬೀಳುತ್ತದೆ. ಹಲವು ಹಳೆಯ ಗಿಟಾರುಗಳಲ್ಲಿ ಬೆರಳೊತ್ತುವ ಹಲಗೆ ಬ್ರೆಜಿಲ್ ದೇಶದ ರೋಸ್‌ವುಡ್ ಮರದ್ದು. 1992ರಲ್ಲಿ ಆ ಪ್ರಭೇದವನ್ನು ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿದರು; ಆದರೂ 'ಯಥಾವತ್' ಪ್ರತಿಕೃತಿ ಬೇಕೆನ್ನುವವರು ಅದನ್ನೇ ಬೇಡುತ್ತಾರೆ. ಅದು ಸಾಲದಾದಾಗ, 1960ರ ದಶಕದಿಂದಲೇ, ತಯಾರಕರು ಆಶ್ರಯಿಸಿದ್ದು ಭಾರತದ ರೋಸ್‌ವುಡ್ಡನ್ನು. ಅದು ನಮ್ಮ ಮಲೆನಾಡಿನ, ಕೊಡಗಿನ ಬೀಟೆಯೇ. ಹಳೆಯ ಮನೆಗಳ ಮಂಚದಲ್ಲಿಯೂ ಮೈಸೂರಿನ ಕೆತ್ತನೆಯ ಪೆಟ್ಟಿಗೆಗಳಲ್ಲಿಯೂ ವಾಚಕರು ಕಂಡಿರುವ ಮರ. ಅದೂ ಈಗ ಅಪಾಯಕ್ಕೆ ಒಳಗಾಗಬಹುದಾದ ಪ್ರಭೇದಗಳ ಸಾಲಿನಲ್ಲಿದೆ. 2017ರಲ್ಲಿ ಆ ಕುಲದ ಎಲ್ಲ ಮರಗಳ ವ್ಯಾಪಾರಕ್ಕೂ ನಿಯಂತ್ರಣ ಬಂದು, 2019ರಲ್ಲಿ ಸಿದ್ಧ ವಾದ್ಯಗಳಿಗೆ ರಿಯಾಯಿತಿ ದೊರೆಯಿತು. ಬ್ರೆಜಿಲಿನ ಮರಕ್ಕೆ ಮಾತ್ರ ಅದು ಅನ್ವಯಿಸದು. ಬೆರಳೊತ್ತುವ ಹಲಗೆ ಕೆಲವೇ ಮಿಲಿಮೀಟರು ದಪ್ಪ. ಅಷ್ಟು ತೆಳು ಹಲಗೆ ಯಾವ ಖಂಡದ್ದೆಂದು ವರ್ಧಕದ ಮುಂದೆ ಕುಳಿತು ಹೇಳಬಲ್ಲವರಿದ್ದರೆ ಅವರನ್ನು ನಮ್ಮ ಪ್ರಯೋಗಶಾಲೆಗೆ ಆದರದಿಂದ ಆಹ್ವಾನಿಸುತ್ತೇವೆ.

ನಮ್ಮ ವಿದ್ಯಾರ್ಥಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಅವನನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಕೂರಿಸಿ, ಅವನ ಗೆಳೆಯನಿಂದ ಅದೇ ಗಿಟಾರನ್ನು ನುಡಿಸಿದೆವು. ಒಮ್ಮೆ ಐದು ಮೀಟರಿನ ಕೇಬಲ್ಲು, ಒಮ್ಮೆ ಹತ್ತರದು. ಯಾವಾಗ ಯಾವುದೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದೆವು. ಪ್ರತಿ ಸಲವೂ ಅವನು ವ್ಯತ್ಯಾಸವನ್ನು ಗುರುತಿಸಿದನು. ಅನಂತರ ಗೆಳೆಯನ ಗಿಟಾರನ್ನು ತಂದರು. ಅದೇ ಬಗೆಯ ಪಿಕಪ್ಪುಳ್ಳ, ಬಣ್ಣ ಕೆಡದ, ಅರ್ಧಕ್ಕಿಂತ ಕಡಿಮೆ ಬೆಲೆಯ ಗಿಟಾರು. ಎರಡಕ್ಕೂ ಹೊಸ ತಂತಿ ಕಟ್ಟಿ, ತಂತಿಯಿಂದ ಪಿಕಪ್ಪಿಗೆ ಇರುವ ಅಂತರವನ್ನು ಸಮಮಾಡಿ, ಅದೇ ಪರೀಕ್ಷೆಯನ್ನು ಆರಂಭಿಸಿದೆವು. ಕೆಲವು ಸಲ ಅವನು ಸರಿಯಾಗಿ ಹೇಳಿದನು, ಕೆಲವು ಸಲ ತಪ್ಪಿದನು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಷ್ಟು ಸಣ್ಣ ಸಂಖ್ಯೆಯಿಂದ ಏನನ್ನೂ ನಿರ್ಣಯಿಸಲಾಗದೆಂದು ಅವನೇ ಹೇಳಿದ್ದು ನಮಗೆ ಸಂತೋಷವನ್ನುಂಟುಮಾಡಿತು. ಪರೀಕ್ಷೆಗಳು ಮುಗಿದ ಮೇಲೆ ನೂರು ಸಲ ನುಡಿಸಿ ನೋಡುವುದೆಂದು ಗೊತ್ತಾಗಿದೆ. ನುಡಿಸುವ ಗೆಳೆಯನು ಮಾತ್ರ, ನೂರು ಸಲವಾದರೆ ತನಗೆ ಕಾಫಿ ತಿಂಡಿಯ ಏರ್ಪಾಡು ಆಗಬೇಕೆಂದು ಕರಾರು ಹಾಕಿದ್ದಾನೆ.