ಎರಡನೆಯ ಗುಂಡು

ಇಗತಪುರಿಯ ಮಳೆಗಾಲಕ್ಕೂ ಕೊಡಗಿನ ಮಳೆಗಾಲಕ್ಕೂ ಸ್ವಭಾವದಲ್ಲಿ ಹೆಚ್ಚಿನ ಭೇದವಿಲ್ಲ. ಕಸಾರಾ ಘಟ್ಟದಿಂದ ಮಂಜು ಏರಿ ಬಂತೆಂದರೆ ಗೋಡೆಗಳು ಬೂಷ್ಟು ಹಿಡಿಯುತ್ತವೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ. ರೈಲ್ವೆಯ ನೌಕರಿ ಹಿಡಿದು ಇಲ್ಲಿಗೆ ಬಂದು, ನಿವೃತ್ತನಾಗಿ ಇಲ್ಲಿಯೇ ನೆಲೆನಿಂತ ನನಗೆ ಈ ತೇವವೇ ಊರಿನ ನೆನಪು. ಹತ್ತದ ಕಡ್ಡಿಯನ್ನು ಮೊನ್ನೆ ಕೈಯಲ್ಲಿ ಹಿಡಿದಾಗ ಒಂದು ಸಾವಿನ ಮನೆಯ ಅಂಗಳ ಕಣ್ಣಮುಂದೆ ಬಂತು.

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಬೆನ್ನಿಗೆ ಇನ್ನೊಂದರಂತೆ ಎರಡು ಗುಂಡು ಹಾರಿಸುವ ಪದ್ಧತಿಯನ್ನು ಬಲ್ಲವರು ಬಲ್ಲರು. ಗುಡ್ಡದಾಚೆಯ ನೆಂಟರಿಗೆ ಸುದ್ದಿ ಮುಟ್ಟುತ್ತಿದ್ದುದೇ ಹಾಗೆ. ಎರಡು ವರ್ಷದ ಹಿಂದೆ ನಮ್ಮ ನೆರೆಮನೆಯ ಹಿರಿಯರು ತೀರಿಕೊಂಡಾಗ ನಾನು ಊರಿನಲ್ಲಿದ್ದೆ. ಮೊಮ್ಮಗ ಜೋಡಿನಳಿಗೆಯ ಕೋವಿ ಹಿಡಿದು ನಿಂತ. ಮೊದಲನೆಯದು ಹಾರಿತು. ಎರಡನೆಯದಕ್ಕೆ 'ಟಿಕ್' ಎಂಬ ಸದ್ದು ಮಾತ್ರ. ಹುಡುಗ ಗಾಬರಿಯಿಂದ ನಳಿಗೆ ತಗ್ಗಿಸಿ ಕೋವಿ ಮಡಚಲು ಹೋದ. ಪಕ್ಕದಲ್ಲಿದ್ದ ನಿವೃತ್ತ ಸುಬೇದಾರರು, "ಬಿಚ್ಚಬೇಡ ಮಗ, ಮೇಲಕ್ಕೇ ಹಿಡಿ" ಎಂದರು. ಅಂಗಳವೆಲ್ಲ ಉಸಿರು ಹಿಡಿದು ಕಾಯಿತು. ಅದು ಹಾರಲೇ ಇಲ್ಲ. ಬಹಳ ಹೊತ್ತಿನ ನಂತರ ತೆಗೆದು, ಬೇರೊಂದು ತೋಟಾ ಹಾಕಿ, ವಿಧಿ ಪೂರೈಸಿದರು.

ಸಂಜೆ ಜಗಲಿಯಲ್ಲಿ ವಾದ ಹತ್ತಿತು. "ಅಜ್ಜ ಮನೆಯಲ್ಲಿ ತುಂಬಿಸಿದ್ದೇ ಇರಬೇಕು, ಕೈಕೆಲಸವನ್ನು ನಂಬಬಾರದು" ಎಂದರು ಕೆಲವರು. "ಅಜ್ಜ ತುಂಬಿಸಿದ್ದು ಒಂದೂ ಹುಸಿ ಹೋದದ್ದಿಲ್ಲ, ಇದು ಕಾರ್ಖಾನೆಯದೇ" ಎಂದರು ಉಳಿದವರು. ತೋಟಾವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಹಳೆಯ ಕಾಗದದ ಕೊಳವೆ; ಬಾಯಿಗೆ ಮುಚ್ಚಿದ ರಟ್ಟಿನ ಬಿಲ್ಲೆ ತೇವಕ್ಕೆ ಮೆತ್ತಗಾಗಿ ಅಕ್ಷರ ಅಳಿಸಿತ್ತು. ಹಿತ್ತಾಳೆಯ ತಳದಲ್ಲಿ ತಯಾರಕರ ಹೆಸರೇನೋ ಇತ್ತು. ಆದರೆ ಹಳೆಯ ಕೊಳವೆಗೆ ಹೊಸ ಮದ್ದು ತುಂಬಿಸಿದರೂ ತಳದ ಹೆಸರು ಹಾಗೆಯೇ ಉಳಿಯುತ್ತದಲ್ಲ! ಅಟ್ಟದ ಡಬ್ಬಿಯಲ್ಲಿ ಎರಡು ಬಗೆಯವೂ ಬೆರೆತಿದ್ದವು, ಚೀಟಿಯಿಲ್ಲ, ತಾರೀಖಿಲ್ಲ. ಉತ್ತರ ಬಲ್ಲವರು ಚಿತೆಯ ಮೇಲಿದ್ದರು.

ನನ್ನ ಅಭಿಪ್ರಾಯ ರೂಪುಗೊಂಡದ್ದು ಆ ಸಂಜೆ. ಕೈಯೋ ಯಂತ್ರವೋ ಎಂಬ ಪ್ರಶ್ನೆಯನ್ನೇ ನಾವು ತಪ್ಪಾಗಿ ಕೇಳುತ್ತಿದ್ದೇವೆ.

ತೋಟಾ ಎಂದರೆ ನಾಲ್ಕು ವಸ್ತುಗಳ ಕೂಟ: ಕೊಳವೆ, ಕೇಪು, ಮದ್ದು, ಗುಂಡು ಅಥವಾ ಚರೆ. ಕೋವಿಯ ಸೂಜಿ ಕೇಪನ್ನು ಕುಟ್ಟಿದಾಗ ಕಿಡಿ ಹುಟ್ಟಿ ಮದ್ದಿಗೆ ತಗಲಬೇಕು. ತಪ್ಪುವ ದಾರಿಗಳು ಮುಖ್ಯವಾಗಿ ಮೂರು. ಕೇಪು ಸತ್ತಿದ್ದರೆ ಏನೂ ಆಗದು, ಅದು ಹುಸಿ. ಕೇಪು ಕುಂಟುತ್ತ ಉರಿದರೆ ಮದ್ದು ತಡವಾಗಿ ಹೊತ್ತುತ್ತದೆ. ಆ ತಡದ ಗಳಿಗೆಯಲ್ಲಿ ಕೋವಿ ಬಿಚ್ಚಿದವನ ಕೈ, ಕಣ್ಣು ಉಳಿಯಲಾರವು. ಮೂರನೆಯದು ಇನ್ನೂ ಕ್ರೂರ: ಮದ್ದು ಕಡಿಮೆಯಾಗಿ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಅದನ್ನರಿಯದೆ ಹಾರಿಸಿದ ಮುಂದಿನ ಗುಂಡು ನಳಿಗೆಯನ್ನೇ ಸೀಳಬಲ್ಲದು. ಸುಬೇದಾರರು 'ಬಿಚ್ಚಬೇಡ' ಎಂದದ್ದು ಎರಡನೆಯದರ ಭಯಕ್ಕೆ. ಕನಿಷ್ಠ ಅರ್ಧ ನಿಮಿಷ ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕಾಯಬೇಕೆಂಬುದು ಬಲ್ಲವರ ನಿಯಮ. ಕೇಪಿನ ಕೋವಿಯಾದರೆ ಇನ್ನೂ ಹೆಚ್ಚು.

ತೇವದೊಡನೆ ಮದ್ದಿನ ವೈರ ಹಳೆಯದು. 1841ರಲ್ಲಿ ಚೀನಾದ ಕ್ಯಾಂಟನ್ ಬಳಿ ಮದ್ರಾಸಿನ 37ನೇ ಪದಾತಿ ದಳದ ಒಂದು ತುಕಡಿ ಧಾರಾಕಾರ ಮಳೆಯಲ್ಲಿ ಸಿಕ್ಕಿಬಿತ್ತು. ಚಕಮಕಿ ಕಲ್ಲಿನ ಅವರ ಬಂದೂಕುಗಳು ಹಾರದೆ ಹೋದವು. ಅವರನ್ನು ಬಿಡಿಸಿ ತಂದವರು ಆಗತಾನೆ ಬಂದಿದ್ದ ಕೇಪಿನ ಬಂದೂಕು ಹಿಡಿದಿದ್ದ ನೌಕಾ ಸೈನಿಕರು. ಅದಕ್ಕೂ ಮೊದಲೇ, 1834ರಲ್ಲಿ, ಇಂಗ್ಲೆಂಡಿನ ವೂಲಿಚ್‌ನಲ್ಲಿ ಎರಡೂ ಬಗೆಯ ಬಂದೂಕುಗಳಿಂದ ಆರಾರು ಸಾವಿರ ಸುತ್ತು ಹಾರಿಸಿ ನೋಡಿದ್ದರು: ಚಕಮಕಿಯದು 922 ಬಾರಿ ಹುಸಿ ಹೋದರೆ ಕೇಪಿನದು 36 ಬಾರಿ. ಕೇಪು ಗೆದ್ದಿತು ನಿಜ. ಆದರೆ ನನ್ನನ್ನು ತಡೆದು ನಿಲ್ಲಿಸುವುದು ಆ 36. ಹಾರಿಸಿ, ಎಣಿಸಿ, ಬರೆದಿಟ್ಟುದರಿಂದ ತಾನೆ ಅದು ನಮಗೆ ಗೊತ್ತಿರುವುದು?

ಮನೆಯಲ್ಲಿ ತುಂಬುವವನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಒಂದೊಂದನ್ನೂ ಕಣ್ಣಾರೆ ನೋಡುತ್ತಾನೆ, ತನ್ನ ಕೋವಿಯ ಗುಣ ಬಲ್ಲ, ತಪ್ಪಿದರೆ ಪೆಟ್ಟು ತನಗೇ ಎಂಬ ಎಚ್ಚರ ಅವನ ಬೆರಳ ತುದಿಯಲ್ಲಿರುತ್ತದೆ. ಪಾಶ್ಚಾತ್ಯ ದೇಶಗಳ ಗುರಿಕಾರರಲ್ಲಿ ಎಷ್ಟೋ ಜನ ಸ್ಪರ್ಧೆಗೆ ತಾವೇ ತುಂಬಿಸಿದ ತೋಟಾ ಒಯ್ಯುವುದು ಇದೇ ಕಾರಣಕ್ಕೆ. ಆದರೆ ಅವರು ಪ್ರತಿ ಕಂತಿಗೂ ತಾರೀಖು, ತೂಕ ಬರೆದ ಚೀಟಿ ಅಂಟಿಸುತ್ತಾರೆ. ಬೇಸರವಾದ ಸಂಜೆ, ನಡುವೆ ಯಾರೋ ಕೂಗಿದ ಕರೆ, ಒಂದೇ ಕೊಳವೆಗೆ ಎರಡು ಸಲ ಬಿದ್ದ ಮದ್ದು – ಕೈಯ ತಪ್ಪು ಹುಟ್ಟುವುದು ಇಂಥ ಗಳಿಗೆಗಳಲ್ಲಿ.

ಹಾಗೆಂದು ಕಾರ್ಖಾನೆಯ ಮೊಹರಿಗೆ ಕಣ್ಣುಮುಚ್ಚಿ ಕೈಮುಗಿಯಬೇಕೆ? ನಾನಿರುವ ನಾಸಿಕ ಜಿಲ್ಲೆಯಲ್ಲಿಯೇ, ದೇವಳಾಲಿಯ ಫಿರಂಗಿ ತರಬೇತಿ ಶಾಲೆಯಲ್ಲಿ, 2024ರ ಅಕ್ಟೋಬರಿನಲ್ಲಿ ಅಭ್ಯಾಸದ ವೇಳೆ ಶೆಲ್ ಸಿಡಿದು ಇಬ್ಬರು ಅಗ್ನಿವೀರರು ಪ್ರಾಣ ಕಳೆದುಕೊಂಡರು. 2014ರಿಂದ 2020ರವರೆಗೆ ಮದ್ದುಗುಂಡಿನ 403 ಅವಘಡಗಳಲ್ಲಿ 27 ಯೋಧರು ಮಡಿದರೆಂದು ಸೇನೆಯ ಆಂತರಿಕ ವರದಿಯೊಂದು ಹೇಳಿದ್ದು 2020ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಎಲ್ಲದರ ಹೊಣೆ ತಮ್ಮದಲ್ಲವೆಂದು ಸರಕಾರಿ ಕಾರ್ಖಾನೆಗಳ ಮಂಡಳಿ ಆಗ ಪ್ರತಿವಾದಿಸಿತು. ಯಾರ ಮಾತು ಎಷ್ಟು ಸರಿ ಎಂಬುದು ಬೇರೆ. ಅಂಥ ವಾದ ನಡೆಯಲು ಸಾಧ್ಯವಾದದ್ದೇ ಪ್ರತಿ ಕಂತಿಗೊಂದು ಸಂಖ್ಯೆ, ಪ್ರತಿ ಘಟನೆಗೊಂದು ದಾಖಲೆ ಇದ್ದುದರಿಂದ. ನಮ್ಮ ಜಗಲಿಯ ವಾದಕ್ಕೆ ಅದಾವುದೂ ಇರಲಿಲ್ಲ.

ಈ ವಿವೇಕವನ್ನು ನಾನು ಕಲಿತದ್ದು ಹಳಿಗಳ ಮೇಲೆ. ರೈಲ್ವೆಯಲ್ಲಿ 'ಪಟಾಕಿ' ಎಂದು ನಾವು ಕರೆಯುವ ಸಿಡಿಗುಂಡಿದೆ. ಗಾಲಿ ಹಾಯ್ದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುತ್ತದೆ. ಮುಂದೆ ಹಳಿ ಕೆಟ್ಟಿದ್ದರೆ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಇಡಬೇಕೆಂಬುದು ಬ್ರಾಡ್‌ಗೇಜ್ ಹಳಿಯ ನಿಯಮ. ಎಚ್ಚರಿಕೆಗೆ ಒಂದು ಸದ್ದು ಸಾಲದೆ? ಸಾಕು. ಆದರೆ ನಿಯಮ ಬರೆದವರು ಕಾರ್ಖಾನೆಯ ಮೊಹರನ್ನು ನಂಬಿಯೂ, ಅದು ಹುಸಿ ಹೋಗಬಹುದೆಂದು ಮೊದಲೇ ಒಪ್ಪಿಕೊಂಡಿದ್ದರು. ಪ್ರತಿಯೊಂದರ ಮೇಲೂ ತಯಾರಾದ ವರ್ಷವಿರುತ್ತದೆ, ಹಳೆಯದನ್ನು ಮೊದಲು ಬಳಸುತ್ತೇವೆ, ಆಗಾಗ ಪರೀಕ್ಷಿಸುತ್ತೇವೆ. ನಂಬಿಕೆಯೆಂದರೆ ನನ್ನ ಮಟ್ಟಿಗೆ ಇಷ್ಟೇ: ತಪ್ಪಬಹುದೆಂದು ಒಪ್ಪಿ, ಅದಕ್ಕೆ ಮೊದಲೇ ದಾರಿ ಮಾಡಿಡುವುದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಇಟ್ಟುಕೊಳ್ಳುವ ವಿನಾಯಿತಿ. ಮದ್ದುಗುಂಡು ತಯಾರಿಸಲು 1959ರ ಆಯುಧ ಕಾಯಿದೆಯ 5ನೇ ಕಲಮಿನಂತೆ ಬೇರೆಯೇ ಪರವಾನಗಿ ಬೇಕು. ಕಾನೂನು ಒತ್ತಟ್ಟಿಗಿರಲಿ, ಮನೆಯ ಮರ್ಯಾದೆಯಾದರೂ ಇಷ್ಟನ್ನು ಕೇಳುತ್ತದೆ: ಅಟ್ಟದ ಡಬ್ಬಿ ಇಳಿಸಿ, ಯಾವಾಗಿನದೆಂದು ತಿಳಿಯದ ತೋಟಾಗಳನ್ನು ಬೇರೆ ಮಾಡಿ ಠಾಣೆಗೆ ಒಪ್ಪಿಸಿ, ಉಳಿದವುಗಳ ಮೇಲೆ ಕೊಂಡ ತಾರೀಖು ಬರೆಯಿರಿ. ನಾಟಿ ಮುಗಿದು ಕೈಲ್‌ಪೊಳ್ದ್‌ಗೆ ಕೋವಿ ತೊಳೆದು ಹೂ ಮುಡಿಸುವ ದಿನ ಈ ಕೆಲಸವೂ ಪೂಜೆಯ ಭಾಗವಾಗಲಿ. ಹೊರನಾಡಿನಿಂದ ವರ್ಷಕ್ಕೊಮ್ಮೆ ಮನೆಗೆ ಹೋಗುವ ನಾವು ಮಾಡಬಹುದಾದ ಕೆಲಸವೂ ಹೌದು.

ಆ ಹುಡುಗ ಈಚೆಗೆ ಫೋನ್ ಮಾಡಿದಾಗ ಕೇಳಿದೆ, "ಡಬ್ಬಿ ಏನಾಯ್ತಪ್ಪ?"

"ಇಳಿಸಿದೆ ಮಾವ. ಹದಿನೇಳು ತೋಟಾ ಯಾವುದೆಂದು ಗೊತ್ತಾಗಲಿಲ್ಲ, ಕೊಟ್ಟುಬಂದೆ. ಉಳಿದವಕ್ಕೆ ಚೀಟಿ ಅಂಟಿಸಿದ್ದೇನೆ" ಎಂದ.